ಪಿಸ್ತೂಲಿನ ಸ್ಪ್ರಿಂಗು ಸಿಕ್ಕಿತು

ನಾನು ಬೆಂಕಿಗೆ ಗಾಳಿಯೂದುವ ತಿದಿ ಒತ್ತುತ್ತಿದ್ದ ಕಾಲದಲ್ಲಿ ಸಿದ್ದಾಪುರದ ಆಚೀಚೆ ಯಾರ ಮನೆಯ ಕೋವಿ ಕೆಟ್ಟರೂ ನಮ್ಮ ಕುಲುಮೆಗೇ ಬರುತ್ತಿತ್ತು. ಅಪ್ಪಯ್ಯನ ಕೈಗೆ ಅಂಥ ಹೆಸರು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಇದ್ದಿಲ ಹೊಗೆ, ಎಣ್ಣೆಯ ವಾಸನೆಯೇ ಪಾಠ. ಬರೆಯುವುದು ಈಗಲೂ ಕಷ್ಟ. ಇವತ್ತು ಮಾತ್ರ ಸಂತೋಷಕ್ಕೆ ಬರೆಯಲು ಕೂತಿದ್ದೇನೆ.

ಒಂದು ಮಳೆಗಾಲದ ಶುರುವಿಗೆ ದೊಡ್ಡಮನೆಯ ಒಡೆಯರು ಪಂಚೆಯ ಸೊಂಟದಿಂದ ಪಿಸ್ತೂಲೊಂದನ್ನು ತೆಗೆದು ಇಟ್ಟರು. ಇಂಗ್ಲೆಂಡಿನದು, ಅವರ ಅಜ್ಜನ ಕಾಲದ್ದು. ಎಲೆಕ್ಷನ್ ಮುಗಿಯುವ ತನಕ ಠಾಣೆಯಲ್ಲಿಟ್ಟು ವಾಪಸು ತಂದಾಗ ತುಕ್ಕು ಹಿಡಿದು ಬಿಗಿದಿತ್ತಂತೆ. ನನ್ನ ಅಂಗೈಗಿಂತ ತುಸು ದೊಡ್ಡದು, ಅಷ್ಟೇ. ಗುಂಡು ಹಾರಿದ ಕೂಡಲೇ ಮೇಲಿನ ಭಾಗ ತಾನೇ ಹಿಂದಕ್ಕೆ ಸರಿದು ಖಾಲಿ ತೋಟೆಯನ್ನು ಹೊರಗೆಸೆಯುತ್ತದೆ, ಮುಂದೆ ಬರುವಾಗ ಹಿಡಿಯೊಳಗಿನ ಹೊಸ ತೋಟೆಯನ್ನು ತಳ್ಳಿಕೊಂಡು ಬರುತ್ತದೆ ಎಂದು ಒಡೆಯರು ವಿವರಿಸಿದರು. ಹಾಗೆ ಮುಂದೆ ತರುವ ಸ್ಪ್ರಿಂಗು ಹಿಡಿಯ ಬಲಗಡೆಯ ಹಲಗೆ ಬಿಚ್ಚಿದಾಗ ಕಂಡಿತು. ಸುರುಳಿಯಲ್ಲ, ಚಿಮಟದ ಹಾಗೆ ಮಡಚಿದ ಉಕ್ಕಿನ ಪಟ್ಟಿ. ಅಪ್ಪಯ್ಯ ಅಂಥದ್ದನ್ನು ಕಂಡಿರಲಿಲ್ಲ. ಮಕ್ಕಳ ಹಾಗೆ ನಕ್ಕರು.

"ಹೆಣೆ, ಇದ್ರ್ ಮೇಲೆ ಹೆಬ್ಬೆಟ್ಟ್ ಒತ್ತಿ ಹಿಡಿ. ನಾ ಹೇಳುವರೆಗೆ ತೆಗಿಬೇಡ" ಎಂದರು ಮಗಳಾದ ನನಗೆ.

ಒಳಗಿಂದ ಹಲಸಿನ ಕಡುಬಿನ ಪರಿಮಳ ಬಂತು. ತಿರುಗಿ ನೋಡಿದೆ. ಹೆಬ್ಬೆಟ್ಟು ಜಾರಿತು, ಸ್ಪ್ರಿಂಗು ಠಣ್ಣನೆ ಎಲ್ಲಿಗೋ ಹಾರಿತು.

ಇದ್ದಿಲು, ಬೂದಿ ಎಲ್ಲ ಜರಡಿ ಹಿಡಿದೆವು. ಸಿಗಲಿಲ್ಲ. ಅಪ್ಪಯ್ಯ ಒಡೆಯರು ಕಾಯುತ್ತಿದ್ದ ಜಗಲಿಗೆ ಹೋಗಿ, "ನನ್ನ ಕೈಯೇ ಜಾರ್ತ್, ಒಡೇರೆ" ಎಂದರು. ನಾನು ಬಾಗಿಲ ಹಿಂದಿನಿಂದ ಹೊರಗೆ ಬರಲಿಲ್ಲ.

ಹಳೆ ಗರಗಸದ ಉಕ್ಕಿನಿಂದ ಅಪ್ಪಯ್ಯ ಮೂರು ಸ್ಪ್ರಿಂಗು ಮಾಡಿದರು. ಒಂದು ಮುರಿಯಿತು, ಒಂದು ಬಿಗಿಯಿಲ್ಲದೆ ಸೋತಿತು. ಮೂರನೆಯದನ್ನು ಹಾಕಿದ ಮೇಲೆ ಒಡೆಯರು ತೆಂಗಿನ ಕೊರಡಿಗೆ ಗುರಿಯಿಟ್ಟರು. ಗುಂಡೇನೋ ಹಾರಿತು. ಆದರೆ ಹಿಂದೆ ಹೋದ ಮೇಲಿನ ಭಾಗ ಅಲ್ಲೇ ನಿಂತಿತು, ಮುಂದೆ ಬರಲೇ ಇಲ್ಲ.

"ನಿಂಗೆ ಕತ್ತಿ ಹಾರೆಯೇ ಸೈ, ಆಚಾರಿ" ಎಂದರು ಒಡೆಯರು, ಹತ್ತು ಜನರೆದುರು.

ಆಮೇಲೆ ಕೋವಿ ಬರುವುದು ನಿಂತಿತು. ಅಪ್ಪಯ್ಯ ಸಾಯುವ ತನಕ ಕತ್ತಿಯನ್ನೇ ಕಾಯಿಸಿದರು. ನನ್ನನ್ನು ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ತವರಿನ ಕುಲುಮೆ ಕೆಡವುವಾಗ ಆ ತಿದಿಯನ್ನು ನನ್ನ ಮನೆಗೆ ತರಿಸಿಕೊಂಡಿದ್ದೆ. ಮೊನ್ನೆ ಮೊಮ್ಮಗಳು ಅದನ್ನು ಬಿಚ್ಚುತ್ತ, ಹಲಗೆಗೂ ಚರ್ಮಕ್ಕೂ ನಡುವಿನಿಂದ ಏನೋ ಎಳೆದಳು. "ಇದೆಂತ ಅಮ್ಮಮ್ಮ?"

ಅದೇ! ನಾನು ದಿನಾ ಒತ್ತುತ್ತಿದ್ದ ತಿದಿಯಲ್ಲೇ ಇತ್ತು. ಈ ಮಂಡಿನೋವಿನಲ್ಲೂ ಕುಣಿದೆ, ಅಂಗಳಕ್ಕೆ ಓಡಿ "ಅಪ್ಪಯ್ಯಾ, ಸಿಕ್ತ್" ಎಂದು ಕೂಗಿಯೇಬಿಟ್ಟೆ. ಮಗುವಿನ ಬಾಯಿಗೆ ಬೆಲ್ಲ ಹಾಕಿದೆ. ಎರಡು ದಿನ ಕಂಡವರಿಗೆಲ್ಲ ತೋರಿಸಿದೆ.

ಯಾರಿಗೂ ಅದು ಏನೆಂದು ಗೊತ್ತಿಲ್ಲ. ಒಡೆಯರು ತೀರಿಕೊಂಡ ಮೇಲೆ ಠಾಣೆಗೆ ಹೋದ ಪಿಸ್ತೂಲು ಮತ್ತೆ ಬರಲಿಲ್ಲ. ಆ ಹತ್ತು ಜನರಲ್ಲಿ ಒಬ್ಬರೂ ಉಳಿದಿಲ್ಲ. ಜಾರಿದ ಕೈ ನನ್ನದು ಎಂದು ಇನ್ನು ಯಾರಿಗೆ ಹೇಳಲಿ?

ಎಣ್ಣೆ ಕುಡಿದ ಚರ್ಮದೊಳಗಿದ್ದುದರಿಂದ ಅದಕ್ಕೆ ತುಕ್ಕು ಹತ್ತಿಲ್ಲ. ಒತ್ತಿದರೆ ಈಗಲೂ ಹೆಬ್ಬೆಟ್ಟನ್ನು ಎದುರು ತಳ್ಳುತ್ತದೆ. ಸಂಜೆ ಅದನ್ನು ಒತ್ತಿ ಹಿಡಿದು ಕೂತಿರುತ್ತೇನೆ. ತೆಗಿ ಎಂದು ಹೇಳುವವರು ಇಲ್ಲ.