ಕೆಂಪಗಿದ್ದ ಗೆಳತಿ

ನಮ್ಮ ಕಡೆ ಯಾರನ್ನೂ ಬೆಳ್ಳಗಿದ್ದಾರೆ ಎನ್ನುವುದಿಲ್ಲ, ಕೆಂಪಗಿದ್ದಾರೆ ಎನ್ನುತ್ತಾರೆ. ನನ್ನ ಗೆಳತಿ ಕೆಂಪಗಿದ್ದಳು, ನಾನು ಕರ್ರಗೆ. ಕೆಂಭಾವಿಯ ಒಂದೇ ಕೇರಿಯಲ್ಲಿ ಬೆಳೆದವರು ನಾವು. ಹೋಟೆಲಿನವರು ನಮ್ಮ ಹಿರಿಯರಿಗೆ ಬೇರೆ ಲೋಟ ಇಡುತ್ತಿದ್ದ ಕೇರಿ. ಇಬ್ಬರೂ ಎಂ.ಎ. ಓದಲು ಶಹಾಪುರಕ್ಕೆ ಬಂದೆವು. ಮೊದಲ ದಿನವೇ ವಿಭಾಗದ ಮೇಡಂ ನನ್ನನ್ನು ಕೇಳಿದರು, "ಯಾವ ಓಣ್ಯಾಗ ಮನಿ ನಿಂದು?" ಅವಳನ್ನು ಕೇಳಲಿಲ್ಲ. ಮುಖ ನೋಡಿಯೇ ದೊಡ್ಡ ಮನೆತನದವಳೆಂದು ತೀರ್ಮಾನಿಸಿಬಿಟ್ಟಿದ್ದರು. ಅವಳೂ ತಿದ್ದಲು ಹೋಗಲಿಲ್ಲ. ಕೇಳದ ಪ್ರಶ್ನೆಗೆ ಯಾಕೆ ಉತ್ತರ ಕೊಡಬೇಕು?

ಆ ಕಾಲೇಜಿನಲ್ಲೊಂದು ಪದ್ಧತಿ. ಯಾವ ಅತಿಥಿ ಬಂದರೂ ಬಾಗಿಲಲ್ಲಿ ಆರತಿ ಹಿಡಿಯಲು ಕೆಂಪು ಹುಡುಗಿಯರು, ಕುರ್ಚಿ ಹೊರಲು ನನ್ನಂಥವರು. ಅದು ತಪ್ಪೆಂದು ಯಾರಿಗೂ ಅನಿಸುತ್ತಿರಲಿಲ್ಲ. ಸಮಾನತೆಯ ಬಗ್ಗೆ ಭಾಷಣ ಮಾಡಲು ಬಂದವರೂ ಆ ಆರತಿ ತೆಗೆದುಕೊಂಡೇ ಒಳಗೆ ಹೋದರು.

ಕೊನೆಯ ವರ್ಷ ಅತಿಥಿ ಉಪನ್ಯಾಸಕಿಯ ಒಂದು ಜಾಗ ಖಾಲಿಯಾಯಿತು. ಮೇಡಂ ಎಲ್ಲರೆದುರು ಗೆಳತಿಗೆ ಹೇಳಿದರು, "ರಿಸಲ್ಟ್ ಬಂದ ಕೂಡ್ಲೇ ಇಲ್ಲೇ ಬಂದ್ಬಿಡವಾ. ಪಾಠ ಹೇಳಾಕ ನೀ ನಿಂತ್ರ ಕ್ಲಾಸಿಗೆ ಕಳಾ ಬರ್ತದ." ಅಂಕ ನನ್ನವೇ ಹೆಚ್ಚಿದ್ದವು. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಆದರೂ ನಮ್ಮ ಕೇರಿಯ ಒಬ್ಬಳಾದರೂ ಕರಿಹಲಗೆಯ ಮುಂದೆ ನಿಲ್ಲುತ್ತಾಳಲ್ಲ ಎಂದು ಸಮಾಧಾನ ಮಾಡಿಕೊಂಡೆ. ಅವಳು ರೂಮಿನಲ್ಲಿ ಗೋಡೆಗೆ ಮುಖ ಮಾಡಿ ಪಾಠ ಹೇಳುವ ಅಭ್ಯಾಸ ಶುರುಮಾಡಿದಳು.

ಬೀಳ್ಕೊಡುಗೆಯ ದಿನ ಅವಳ ಅವ್ವ ಬಂದಳು. ಊರಿನ ಬೀದಿ ಗುಡಿಸುವಾಕೆ. ಕೆಲಸ ಮುಗಿಸಿ, ಪೌರಕಾರ್ಮಿಕರ ಜಾಕೀಟಿನಲ್ಲೇ ಬಸ್ ಹತ್ತಿದ್ದಳು. ರೇಷ್ಮೆ ಸೀರೆಯುಟ್ಟು ಬಾಗಿಲಲ್ಲಿ ನಿಂತ ಮಗಳನ್ನು ಕಂಡವಳೇ ಜನರ ಪರಿವೆಯಿಲ್ಲದೆ ಕೆನ್ನೆ ಸವರಿ, ಲಟಿಕೆ ಮುರಿದು ದೃಷ್ಟಿ ತೆಗೆದಳು.

"ಯಾರೀಕಿ?" ಎಂದರು ಮೇಡಂ.

ಗೆಳತಿ ಆರತಿ ತಟ್ಟೆ ಹಿಡಿದುಕೊಂಡೇ ಹೇಳಿದಳು, "ನಮ್ಮವ್ವ ಅದಾಳ್ರಿ."

ಮೇಡಂ ಬೈಯಲಿಲ್ಲ. ಬೈದಿದ್ದರೆ ಜಗಳಕ್ಕಾದರೂ ನಿಲ್ಲುತ್ತಿದ್ದೆ. ನಗುತ್ತಲೇ ತಟ್ಟೆ ಇಸಿದುಕೊಂಡು ಬೇರೊಬ್ಬಳಿಗೆ ಕೊಟ್ಟರು. "ಅವ್ವ ದೂರದಿಂದ ಬಂದಾಳ, ಆಕಿ ಕೂಡ ಹಿಂದ ಕುಂದ್ರು ಹೋಗು." ಹಿಂದಿನ ಸಾಲಿನಲ್ಲಿ ಅವ್ವ ಹಿಗ್ಗಿನಿಂದ ಚಪ್ಪಾಳೆ ತಟ್ಟುತ್ತಿದ್ದಳು. ಮಗಳು ನೆಲ ನೋಡುತ್ತಿದ್ದಳು.

ರಿಸಲ್ಟ್ ಬಂದ ಮೇಲೆ ಕೆಲಸ ಕೇಳಲು ಅವಳ ಜೊತೆ ನಾನೂ ಹೋದೆ. ಮೇಡಂ ಕಡತದಿಂದ ತಲೆ ಎತ್ತಲಿಲ್ಲ. "ಆಡಳಿತ ಮಂಡಳಿಯವ್ರು ಬ್ಯಾರೆ ಯಾರನ್ನೋ ನೋಡ್ಯಾರವಾ. ನನ್ನ ಕೈಯಾಗೇನದ?"

ಹೊರಗೆ ಬಂದು ಚಪ್ಪಲಿ ಮೆಟ್ಟುತ್ತಿದ್ದೆವು. ಒಳಗೆ ಇನ್ನೊಬ್ಬ ಅಧ್ಯಾಪಕಿ, ಕೆಂಪನೆಯ ಚಂದದ ಹುಡುಗಿ ಇತ್ತಲ್ಲ, ಪಾಪ, ಎಂದರು.

"ಎಲ್ಲೀ ಕೆಂಪು ಬಿಡ್ರಿ," ಎಂದರು ನಮ್ಮ ಮೇಡಂ. "ಬಿಸಿಲಾಗ ನೋಡ್ರಿ, ಕರ್ರಗ ಅದಾಳ."