ಗೇಟಿನಾಚೆ ಚಾಚಿದ ತೋಳು

ಬೈರಾಪಟ್ಟಣದ ಬೈರಮ್ಮನಿಗೆ ಮಾತಿಗೊಂದು ಜೀವ ಅಂತಿದ್ದರೆ ಅದು ಪಕ್ಕದ ಮನೆಯ ಸಿರಿ. ಗಂಡ ಹೋದ ಮೇಲೆ ರೇಷ್ಮೆಹುಳ ಸಾಕಿಕೊಂಡು ಒಬ್ಬಳೇ ಇದ್ದವಳು. ಹುಳ ಸೊಪ್ಪು ಮೇಯುವ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿಲ್ಲ. ನಾಲ್ಕು ವರ್ಷದ ಆ ಹುಡುಗಿ ದಿನಾ ಬಂದು, "ಬೈರಜ್ಜಿ, ಹುಳ ಊಟ ಮಾಡಿದ್ವಾ?" ಎಂದು ಕೇಳಿದರೇನೇ ಅವಳಿಗೂ ತುತ್ತು ಇಳಿಯುತ್ತಿದ್ದುದು.

ಆವತ್ತು ಸಿರಿ ಹುಳದ ಮನೆಯ ಹೊಸಿಲ ಹತ್ತಿರ ಬರುತ್ತಲೇ ಘಮ್ಮೆಂದಳು. ಸೊಳ್ಳೆ ಕಚ್ಚದಿರಲೆಂದು ತಾಯಿ ಭಾನುಪ್ರಿಯ ಕೈಕಾಲಿಗೆಲ್ಲ ಕ್ರೀಮು ಬಳಿದಿದ್ದಳು. ಅದು ತಗುಲಿದರೆ ಹುಳ ಉಳಿಯುವುದಿಲ್ಲ.

"ಒಳೀಕೆ ಬರಬ್ಯಾಡ ಮಗ, ಕ್ರೀಮು ಹಚ್ಕಂಡಿದ್ದೀಯ. ಒಸಿ ಆಚೆ ಆಡ್ಕೊ, ಸೊಪ್ಪು ಹಾಕ್ಬುಟ್ಟು ಬತ್ತೀನಿ," ಎಂದು ಬೈರಮ್ಮ ಬಾಗಿಲು ಎಳೆದುಕೊಂಡಳು.

ಸೊಪ್ಪು ಹಾಕಿ ಹೊರಬಂದರೆ ಅಂಗಳ ಖಾಲಿ. ಹಿತ್ತಲಿನಾಚೆ ಕೃಷಿಹೊಂಡದ ದಡದಲ್ಲಿ ಒಂದು ಚಪ್ಪಲಿ. ನೀರಲ್ಲಿ ಕೆಂಪು ಲಂಗ.

ಈಜು ಬಾರದವಳು. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಇಳಿದವರು ಹತ್ತಿ ಬರಲಾರರೆಂದೂ ಗೊತ್ತಿತ್ತು. ಆದರೂ ಕುಂಡಿಯೂರಿ ಜಾರಿಯೇ ಬಿಟ್ಟಳು. ಬೇಸಿಗೆಯಾದ್ದರಿಂದ ನೀರು ಗಲ್ಲಕ್ಕೆ ನಿಂತಿತು. ಮಗುವನ್ನು ಹೆಗಲಿಗೆ ಬೋರಲು ಹಾಕಿಕೊಂಡು ಬೆನ್ನು ಗುದ್ದಿದಳು. ನೀರು ಕಕ್ಕಿ ಅತ್ತಿತು. ಹತ್ತಲು ಹೋದಷ್ಟೂ ಅವಳ ಕಾಲು ಜಾರಿತು, ಕೂಗಿ ಕೂಗಿ ಗಂಟಲು ಕಟ್ಟಿತು. ಪಕ್ಕದ ತೋಟದ ಬಾಲರಾಜು ಮೋಟರು ನಿಲ್ಲಿಸಿದ ಮೇಲಷ್ಟೇ ಅವನಿಗೆ ಕೇಳಿದ್ದು.

ಹಗ್ಗ ಬಿಡುತ್ತ ಅವನು, "ಈಜು ಬರಾಕಿಲ್ಲ, ಅದ್ಯಾವ ಧೈರ್ಯದ ಮ್ಯಾಲೆ ಇಳುದ್ಯವ್ವ?" ಎಂದ.

"ಮಾತು ಆಮ್ಯಾಕೆ ಆಡೀವಂತೆ ಕಣ್ಲಾ, ಮೊದ್ಲು ಮಗೀನ ಎತ್ಕ."

ಊರು ಹೊಗಳಿತು. ಬೈರಮ್ಮನಿಗೆ ಅದು ಹಿಡಿಸಲಿಲ್ಲ. ಆಚೆ ಕಳಿಸಿದವಳೂ ತಾನೇ ಅಲ್ಲವೆ. ಭಾನುಪ್ರಿಯ ಕಾಲಿಗೆ ಬಿದ್ದು ಅತ್ತಳು. ಮಾರನೆಯ ದಿನದಿಂದ ತನ್ನ ಮನೆಯ ಗೇಟಿಗೆ ಬೀಗ ಹಾಕತೊಡಗಿದಳು. ಹೊಂಡದ ಕಡೆ ಕಣ್ಣು ಹೋದರೆ ಸಾಕು, ಮಗಳನ್ನು ಎತ್ತಿಕೊಂಡು ಒಳಗೆ ನಡೆಯುತ್ತಿದ್ದಳು. ತಪ್ಪೆನ್ನುವಂತಿಲ್ಲ. ಆದರೆ ಗೋಡೆಯಾಚೆ ಸಿರಿ ನಕ್ಕಾಗಲೆಲ್ಲ ಬೈರಮ್ಮ ಹಿಡಿದ ಸೊಪ್ಪು ಕೈಯಲ್ಲೇ ಉಳಿಯುತ್ತಿತ್ತು.

ಆ ಸಲದ ರೇಷ್ಮೆಗೂಡು ಮಾರಿದ ಮೇಲೆ ಅವಳು ಹೊಸ ಹುಳ ತರಲಿಲ್ಲ. ಅಂದು ಎಳೆದುಕೊಂಡಿದ್ದ ಹುಳದ ಮನೆಯ ಬಾಗಿಲು ಈಗ ಹಗಲೆಲ್ಲ ತೆರೆದೇ ಇರುತ್ತಿತ್ತು. ಸೊಪ್ಪಿನ ಸದ್ದೂ ಇಲ್ಲದೆ ಮನೆ ಬಿಕೋ ಎಂದಿತು.

ಒಂದು ಸಂಜೆ ಅವಳು ಬೀದಿಯಲ್ಲಿ ಹೋಗುವಾಗ ಗೇಟಿನ ಸರಳುಗಳ ನಡುವೆ ಪುಟ್ಟ ತೋಳೊಂದು ಹೊರಬಂತು.

"ಬೈರಜ್ಜಿ, ಮೂಸಿ ನೋಡು. ಕ್ರೀಮ್ ಹಚ್ಚಿಲ್ಲ. ಈಗ ಬರ್ಲಾ?"

ಬೈರಮ್ಮ ಬಗ್ಗಿ ಮೂಸಿದಳು. ಬರೀ ಸೋಪಿನ ವಾಸನೆ.

"ಸಿರಿ, ಒಳಗೆ ಬಾ ಪುಟ್ಟ," ಭಾನುಪ್ರಿಯ ಕರೆದಳು. ತೋಳು ಒಳಹೋಯಿತು.

ಬೈರಮ್ಮ ಮನೆಗೆ ಬಂದಳು. ಹುಳವಿಲ್ಲದ ಆ ಹುಳದ ಮನೆಯ ಬಾಗಿಲನ್ನು ಅವತ್ತು ರಾತ್ರಿಯೂ ಹಾಕಲಿಲ್ಲ.