ಕಡಲ ದಾರಿಯಲ್ಲಿ ಕಮಲಾಕ್ಷಮ್ಮನ ಕರಡಿಗೆ

ಚಳ್ಳಕೆರೆ ಕಡೆಯವರಿಗೆ ನೀರು ಕಂಡರೆ ಮೊದಲು ಬಾಯಿಗೆ ಬರುವ ಮಾತು ‘ಎಷ್ಟು ಇಂಚು’ ಅನ್ನುವುದು. ಬೋರ್‌ವೆಲ್ ಹಾಕಿಸಿ ಹಾಕಿಸಿ ಆದ ಅಭ್ಯಾಸ ಅದು. ಹೊನ್ನಾವರದ ಸೇತುವೆಯ ಮೇಲೆ ಕಾರು ನಿಧಾನ ಮಾಡಿ, ಶರಾವತಿ ಹೋಗಿ ಕಡಲು ಸೇರುವುದನ್ನು ಕಂಡ ಮಹಾಂತೇಶನೂ ಅದನ್ನೇ ಅಂದ. ಅವನ ಹೆಂಡತಿ ದಾಕ್ಷಾಯಿಣಿ ಪಕ್ಕದ ಸೀಟಿನಲ್ಲಿ ಬಿದ್ದು ಬಿದ್ದು ನಕ್ಕಳು. ಹಿಂದೆ ಕೂತಿದ್ದ ಅವನ ತಾಯಿ ಕಮಲಾಕ್ಷಮ್ಮ ನಗಲಿಲ್ಲ. ಅವಳ ಕೈ ಸೆರಗಿನ ಒಳಗೆ, ಕೊರಳಿಂದ ಇಳಿದ ಬೆಳ್ಳಿಯ ಕರಡಿಗೆಯ ಮೇಲಿತ್ತು.

ಆ ಕರಡಿಗೆಯೊಳಗಿದ್ದ ಇಷ್ಟಲಿಂಗ ಅವಳದಲ್ಲ. ಐದು ತಿಂಗಳ ಹಿಂದೆ ತೀರಿಕೊಂಡ ಅವಳ ಗಂಡ ಮುರುಗೇಂದ್ರಪ್ಪನದು. ಅವಳ ಲಿಂಗ ನಾಯಕನಹಟ್ಟಿ ರಸ್ತೆಯ ಅವರ ಹೊಲದಲ್ಲಿ, ಮಣ್ಣಿನೊಳಗೆ, ಕೂತ ಭಂಗಿಯಲ್ಲಿರುವ ಗಂಡನ ಎಡಗೈಯಲ್ಲಿತ್ತು.

ಈ ಗುಟ್ಟು ಜಗತ್ತಿನಲ್ಲಿ ತನ್ನೊಬ್ಬಳಿಗೇ ಗೊತ್ತು ಅಂತ ಅವಳು ತಿಳಿದಿದ್ದಳು.

ಕಮಲಾಕ್ಷಮ್ಮ ಮೊಳಕಾಲ್ಮೂರಿನ ರೇಷ್ಮೆ ಸೀರೆ ವ್ಯಾಪಾರಿಯ ಮಗಳು. ಕನ್ನಡದಲ್ಲಿ ಬೈಗುಳ ಸಾಲದಾದರೆ ತೆಲುಗಿನಿಂದ ತಂದುಕೊಳ್ಳಬಲ್ಲವಳು. ಹತ್ತೊಂಬತ್ತಕ್ಕೆ ಚಳ್ಳಕೆರೆಯ ಶೇಂಗಾ ವ್ಯಾಪಾರಿಯ ಮನೆ ಸೇರಿದಳು. ಮದುವೆಯಾದ ಹೊಸದರಲ್ಲಿ ಒಮ್ಮೆ, “ನನಗೊಂದು ಸಲ ಸಮುದ್ರ ತೋರಿಸ್ರಿ” ಅಂದಿದ್ದಳು. “ಈ ಸುಗ್ಗಿ ಮುಗೀಲಿ, ಹೋಗಾಣ” ಅಂದಿದ್ದ ಮುರುಗೇಂದ್ರಪ್ಪ. ಮೂವತ್ತೊಂಬತ್ತು ಸುಗ್ಗಿ ಮುಗಿದವು. ಕೆಟ್ಟ ಮನುಷ್ಯನಲ್ಲ, ಊರವರ ಕಷ್ಟಕ್ಕೆಲ್ಲ ಓಡುವವನು. ಆದರೆ ಮನೆಗೆ ಮಾರಿ ಊರಿಗೆ ಉಪಕಾರಿ ಅನ್ನುವ ಗಾದೆಯನ್ನು ಯಾರೋ ಇವನನ್ನು ನೋಡಿಯೇ ಕಟ್ಟಿರಬೇಕು. ಸೊಸೆಯನ್ನು ನೋಡಿ ಒಪ್ಪಿಬಂದ ಸುದ್ದಿಯನ್ನೂ ಹೆಂಡತಿಗೆ ಆಮೇಲೆ ಹೇಳಿದವನು ಅವನು. ಕೇಳುವುದು ಅನ್ನುವ ಪದ್ಧತಿಯೇ ಅವನಲ್ಲಿರಲಿಲ್ಲ.

ಗಂಡ ಹೆಂಡತಿ ಇಬ್ಬರ ಕರಡಿಗೆಯನ್ನೂ ದಾವಣಗೆರೆಯಲ್ಲಿ ಒಂದೇ ದಿನ, ಒಂದೇ ಅಂಗಡಿಯಲ್ಲಿ ಕೊಂಡಿದ್ದರು. ಒಂದರ ಪಕ್ಕ ಇನ್ನೊಂದನ್ನಿಟ್ಟರೆ ಮಾಡಿದವನಿಗೂ ಗುರುತು ಸಿಗಲಿಕ್ಕಿಲ್ಲ. ದೇವರ ಮನೆಯ ಗೂಡಿನಲ್ಲಿ ಬಲಕ್ಕೆ ಅವನದು, ಎಡಕ್ಕೆ ಅವಳದು. ಮಣ್ಣು ಮಾಡುವ ದಿನ, ಕ್ರಿಯೆ ಮಾಡಿಸಲು ಬಂದ ಅಯ್ಯನವರು ಲಿಂಗ ತರಲು ಹೇಳಿ ಕಳಿಸಿದಾಗ, ಕಮಲಾಕ್ಷಮ್ಮ ಅಳುತ್ತ ಒಳಗೆ ಹೋಗಿ ಗೂಡಿಗೆ ಕೈ ಹಾಕಿ, ಸಿಕ್ಕ ಕರಡಿಗೆಯನ್ನು ಮಗನ ಕೈಗೆ ಕೊಟ್ಟಿದ್ದಳು. ಕುಣಿಯಲ್ಲಿ ಕೂರಿಸಿದವನ ಎಡ ಅಂಗೈಗೆ ಲಿಂಗವಿಟ್ಟು, ಬಿಲ್ವಪತ್ರೆ, ವಿಭೂತಿ, ಉಪ್ಪು ತುಂಬಿ ಮಣ್ಣು ಮುಚ್ಚಿದರು. ಮರುದಿನ ಪೂಜೆಗೆ ಕೂತು ಕರಡಿಗೆ ತೆರೆದಾಗ ಅವಳ ಅಂಗೈಗೆ ಬಂದದ್ದು ಗಂಡನ ಲಿಂಗ. ಅವನದು ಕೊಂಚ ದೊಡ್ಡದು. ತೂಕದಲ್ಲೇ ಗೊತ್ತಾಯಿತು.

ಲಿಂಗ ಹೋದರೆ ಪ್ರಾಣ ಹೋದ ಹಾಗೆ ಅಂತ ಹಿರಿಯರು ಅನ್ನುತ್ತಾರೆ. ತನ್ನ ಕೈಯಾರೆ ತನ್ನ ಪ್ರಾಣವನ್ನು ಗಂಡನ ಜೊತೆ ಹೂತೆ, ಅವನನ್ನು ಅವನ ಲಿಂಗವಿಲ್ಲದೆ ಬರಿಗೈಯಲ್ಲಿ ಕಳಿಸಿದೆ ಅಂತ ಅವಳು ಒಳಗೇ ಬೆಂದಳು. ಹೇಳಿದರೆ ಸಮಾಧಿ ತೆಗೆಯಬೇಕು, ಊರೆಲ್ಲ ಗುಲ್ಲು. ಹೇಳದಿದ್ದರೆ ಗಂಟಲಲ್ಲಿ ಬಿಸಿತುಪ್ಪ. ಅವತ್ತಿನಿಂದ ಅವಳಿಗೆ ಯಾವ ಊಟ ಬಾಯಿಗಿಟ್ಟರೂ ಉಪ್ಪು ಹೆಚ್ಚು. ಬೆಳಗ್ಗೆ ಎದ್ದರೆ ಎಡಗೈ ತಣ್ಣಗಾಗಿ ಮುಷ್ಟಿ ಕಟ್ಟಿರುತ್ತಿತ್ತು. ಬಲಗೈಯಿಂದ ಒಂದೊಂದೇ ಬೆರಳು ಬಿಡಿಸಬೇಕಾಗುತ್ತಿತ್ತು. ಹಿಡಿದುಕೊಂಡಿದ್ದ ಯಾರೋ ಈಗಷ್ಟೇ ಬಿಟ್ಟುಹೋದ ಹಾಗೆ ಅನ್ನಿಸುತ್ತಿತ್ತು.

ಅಂಥ ಹೊತ್ತಿನಲ್ಲಿ ದಾಕ್ಷಾಯಿಣಿ, “ಅತ್ತೆ, ಹೊನ್ನಾವರದಿಂದ ಕಾಪುವರೆಗೂ ಸಮುದ್ರದ ದಂಡೆಗೇ ರಸ್ತೆ ಐತಂತೆ, ಹೋಗಿಬರಾಣ ಬರ್ರಿ” ಅಂದಾಗ ಕಮಲಾಕ್ಷಮ್ಮ ತಕ್ಷಣ ಒಪ್ಪಿದಳು. ಸೊಸೆಗೇ ಆಶ್ಚರ್ಯವಾಯಿತು. ಅತ್ತೆಯ ಲೆಕ್ಕ ಬೇರೆ ಇತ್ತು. ನೀರಿಗೆ ಬಿಟ್ಟದ್ದು ಸೇರಬೇಕಾದ ಕಡೆ ಸೇರುತ್ತದೆ ಅಂತ ಅವಳ ಅವ್ವ ಹೇಳುತ್ತಿದ್ದಳು. ಗಂಡನ ಲಿಂಗವನ್ನು ಕಡಲಿಗೆ ಬಿಡಬೇಕು. ಅವನದು ಅವನಿಗೆ ಮುಟ್ಟಬೇಕು. ಆಮೇಲೆ ತನ್ನದೇನು ಅನ್ನುವುದನ್ನು ಅವಳು ಯೋಚಿಸಲು ಹೋಗಿರಲಿಲ್ಲ.

ಮೊದಲ ಸೂಚನೆ ಹೊನ್ನಾವರಕ್ಕೆ ಬರುವ ದಾರಿಯಲ್ಲೇ, ಹರಿಹರದ ಹತ್ತಿರದ ಹೋಟೆಲಿನಲ್ಲಿ ಸಿಕ್ಕಿತ್ತು. ಮೂವರು ಒಂದೇ ಮೇಜಿಗೆ ಕೂತಿದ್ದರು. ಸಪ್ಲೈಯರ್ ಎರಡು ಲೋಟ ನೀರಿಟ್ಟ, ಎರಡು ಪ್ಲೇಟ್ ಇಡ್ಲಿ ತಂದ. ಮಹಾಂತೇಶ ಕೇಳಿದ್ದಕ್ಕೆ, “ಇಬ್ಬರೇ ಅಂದ್ಕಂಡೆ ಸರ್” ಅಂದ. ಅವನ ಕಣ್ಣು ಕಮಲಾಕ್ಷಮ್ಮನ ಮೇಲೆಯೇ ಹಾದುಹೋಗಿ ಹಿಂದಿನ ಗೋಡೆಯ ಮೇಲೆ ನಿಂತಿತ್ತು. ಎಲ್ಲರೂ ನಕ್ಕರು, ಅವಳೂ ನಕ್ಕಳು.

ಹೊನ್ನಾವರಕ್ಕೆ ಹೋದವರು ದೋಣಿಯಲ್ಲಿ ಶರಾವತಿಯ ಹಿನ್ನೀರು ಸುತ್ತದೆ ಬರಬಾರದು. ಎರಡೂ ದಡಕ್ಕೆ ಕಾಂಡ್ಲಾ ಗಿಡಗಳು ನೀರಿನೊಳಗೇ ಬೇರು ಊರಿ ನಿಂತಿರುತ್ತವೆ, ನಡುವೆ ನೀರು ಎಣ್ಣೆಯ ಹಾಗೆ ಸದ್ದಿಲ್ಲದೆ ಸರಿಯುತ್ತದೆ. ಹತ್ತುವ ಮೊದಲು ದೋಣಿಯವನು ಮಹಾಂತೇಶನಿಗೊಂದು, ದಾಕ್ಷಾಯಿಣಿಗೊಂದು ಲೈಫ್ ಜಾಕೆಟ್ ಕೊಟ್ಟು ಹಗ್ಗ ಬಿಚ್ಚತೊಡಗಿದ.

“ನಮ್ಮ ಅವ್ವಂಗೆ?” ಅಂದ ಮಹಾಂತೇಶ.

ದೋಣಿಯವನು ತಿರುಗಿ ನೋಡಿದ. ಒಂದು ಕ್ಷಣ ಅವನಿಗೆ ಅವಳು ಸಿಗಲಿಲ್ಲ. ಹುಡುಕಿ ಹುಡುಕಿ ಕಡೆಗೆ ಅವಳ ಮುಖದ ಮೇಲೆ ಕಣ್ಣು ನಿಲ್ಲಿಸಿ, “ಅಯ್ಯೋ ಅಮ್ಮ, ಇಲ್ಲೇ ಇದ್ರಾ” ಅಂದ. ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

ದೋಣಿ ನಡುನೀರಿಗೆ ಬಂದಾಗ ಕಮಲಾಕ್ಷಮ್ಮ ಸೆರಗಿನ ಮರೆಯಲ್ಲಿ ಕರಡಿಗೆ ತೆರೆದು ಲಿಂಗವನ್ನು ಅಂಗೈಗೆ ತೆಗೆದುಕೊಂಡಳು. ಕೈಯನ್ನು ದೋಣಿಯ ಅಂಚಿಗೆ ಒಯ್ದಳು. ಬೆರಳು ಬಿಡಿಸಲು ಆಗಲಿಲ್ಲ. ಲಿಂಗ ಕಳೆದುಕೊಂಡವಳನ್ನು ಜನ ಆಗಲೇ ಸತ್ತವರ ಲೆಕ್ಕಕ್ಕೆ ಹಾಕುತ್ತಿದ್ದಾರೆ. ಇರುವ ಇದೊಂದನ್ನೂ ಬಿಟ್ಟರೆ ಉಳಿಯುವುದೇನು? ಅವಳಿಗೆ ನಿಜವಾಗಿ ಭಯವಾಯಿತು. ನೀರಿಗೆ ಬೆರಳದ್ದಿ ನಾಲಿಗೆಗೆ ಮುಟ್ಟಿಸಿಕೊಂಡಳು. ದಾಕ್ಷಾಯಿಣಿಯೂ ಹಾಗೆಯೇ ಮಾಡಿ, “ಥೂ, ಎಂಥ ಉಪ್ಪು” ಅಂದು ಉಗುಳಿದಳು. ಮನೆಯ ಮುದ್ದೆ ಸಾರೂ ಉಪ್ಪಾಗುತ್ತಿದ್ದ ಕಮಲಾಕ್ಷಮ್ಮನ ಬಾಯಿಗೆ ಆ ನೀರು ಸಪ್ಪಗಿತ್ತು.

ಮಧ್ಯಾಹ್ನ ಅಪ್ಸರಕೊಂಡದ ಗುಡ್ಡ ಹತ್ತಿದರು. ಗುಡ್ಡದ ತುದಿಯಿಂದ ನೋಡಿದರೆ ಕಡಲು ನಮ್ಮ ಚಳ್ಳಕೆರೆ ಕಡೆಯ ವರವು ಕಾವಲ್ ಹುಲ್ಲುಗಾವಲಿನ ಹಾಗೆಯೇ, ಕಣ್ಣು ಹೋದಷ್ಟೂ ದೂರ, ಮಲಗಿರುತ್ತದೆ. ಕಮಲಾಕ್ಷಮ್ಮನಿಗೆ ಅಷ್ಟು ಹೊತ್ತಿನಲ್ಲಿ ಅದೊಂದೇ ಪರಿಚಯದ ಸಂಗತಿ ಅನ್ನಿಸಿತು. ಸಂಜೆ ಮುರುಡೇಶ್ವರ. ಗೋಪುರದ ಲಿಫ್ಟಿನವನು ಒಳಗೆ ನಿಂತವರನ್ನು ಬೆರಳು ತೋರಿಸುತ್ತ ಎಣಿಸಿದ. ಅವನ ಬೆರಳು ದಾಕ್ಷಾಯಿಣಿಯ ಮೇಲೆ ನಿಂತಿತು, ಕಮಲಾಕ್ಷಮ್ಮನನ್ನು ದಾಟಿತು, ಮಹಾಂತೇಶನ ಮೇಲೆ ನಿಂತಿತು.

ಕೆಳಗಿಳಿದು ದೊಡ್ಡ ಶಿವನ ಮುಂದೆ ಫೋಟೋ ತೆಗೆಸಿಕೊಳ್ಳುವಾಗ ಸೊಸೆ ಫೋನನ್ನು ಅಪರಿಚಿತರೊಬ್ಬರ ಕೈಗೆ ಕೊಡುವ ಮೊದಲು ತಾನೇ ಒಮ್ಮೆ ಹಿಡಿದು ನೋಡಿದಳು. ಮುಖ ಕಂಡಲ್ಲೆಲ್ಲ ಚೌಕ ಹಾಕುವ ಫೋನು ಅದು. ಮಹಾಂತೇಶನ ಮುಖಕ್ಕೆ ಹಳದಿ ಚೌಕ ಬಿತ್ತು. ಆಚೆ ನಿಂತಿದ್ದ ಕಡಲೆಕಾಯಿ ಮಾರುವವನಿಗೂ ಬಿತ್ತು. ಗುಡ್ಡದ ಮೇಲಿನ ಸಿಮೆಂಟಿನ ಶಿವನಿಗೂ ಬಿತ್ತು. ನಡುವೆ ನಿಂತ ಅತ್ತೆಗೆ ಬೀಳಲಿಲ್ಲ.

“ಅತ್ತೆ, ಸ್ವಲ್ಪ ಈ ಕಡೆ ಬರ್ರಿ, ನಗ್ರಿ,” ಅಂದಳು ದಾಕ್ಷಾಯಿಣಿ. ಅತ್ತೆ ಬಂದಳು, ನಕ್ಕಳು. ಚೌಕ ಮಾತ್ರ ಬರಲಿಲ್ಲ. ಸೊಸೆ ಫೋನನ್ನು ಚೀಲಕ್ಕೆ ಹಾಕಿಕೊಂಡಳು. ಅವಳ ಮುಖ ಬಿಳುಚಿಕೊಂಡಿದ್ದನ್ನು ಕಮಲಾಕ್ಷಮ್ಮ ಕಂಡಳು. ಊಟದ ಹೊತ್ತಿಗೆ ಸೊಸೆ ಯಾವ ಕಾರಣವೂ ಇಲ್ಲದೆ ಎರಡು ಮೂರು ಸಲ ಅತ್ತೆಯ ತೋಳು ಮುಟ್ಟಿ ನೋಡಿದಳು.

ಮರುದಿನ ಬೆಳಗ್ಗೆ ಬೇಗ ಹೊರಟು ಮರವಂತೆಗೆ ಬಂದರು. ಈ ದಾರಿಯಲ್ಲಿ ಒಂದೇ ಕಡೆ ಇಳಿಯುತ್ತೀನಿ ಅನ್ನುವವರು ಮರವಂತೆಯಲ್ಲಿ ಇಳಿಯಲಿ. ರಸ್ತೆಯ ಒಂದು ಬದಿಗೆ ಸೌಪರ್ಣಿಕಾ ನದಿ ಕದಲದೆ ಕೂತಿರುತ್ತದೆ, ಇನ್ನೊಂದು ಬದಿಗೆ ಕಡಲು ಕಲ್ಲಿಗೆ ತಲೆ ಚಚ್ಚಿಕೊಳ್ಳುತ್ತಿರುತ್ತದೆ. ನಡುವೆ ಲಾರಿಗಳು. ದಾಕ್ಷಾಯಿಣಿ ನದಿಯ ಫೋಟೋ ತೆಗೆಯಲು ರಸ್ತೆ ದಾಟಿ ಹೋದಳು. ಕಮಲಾಕ್ಷಮ್ಮ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಕಡಲಿನ ಕಡೆ ಇಳಿದಳು. ಇವತ್ತು ಬಿಡಲೇಬೇಕು ಅಂತ ನಿರ್ಧರಿಸಿದ್ದಳು. ತಾನು ಹೋದರೆ ಹೋಗಲಿ, ಮೂವತ್ತೊಂಬತ್ತು ವರ್ಷ ಬಾಳಿದವನು ಬರಿಗೈಯಲ್ಲಿ ಅಲೆಯಬಾರದು.

ನೀರು ಮೊಣಕಾಲಿಗೆ ಬಂದಾಗ ಹಿಂದಿನಿಂದ ಮಗ ಓಡಿಬಂದು ತೋಳು ಹಿಡಿದ.

“ಅವ್ವ, ಎಲ್ಲಿಗೆ ಹೋಗ್ತೀಯಾ? ಏನೈತೆ ಕೈಯಾಗೆ?”

ಅವಳು ಅಂಗೈ ತೆರೆದು ತೋರಿಸಿದಳು. ಐದು ತಿಂಗಳ ಬಿಸಿತುಪ್ಪ ಹೊರಗೆ ಬಂತು. “ಇದು ನಿಮ್ಮಪ್ಪಾಜಿದು ಕಣೋ. ಅಳ್ತಾ ಅಳ್ತಾ ತಪ್ಪಿ ನಂದು ಕೊಟ್ಬಿಟ್ಟೆ ಅವತ್ತು. ನನ್ನ ಅವರ ಜೊತೆ ಹೂತೀರಪ್ಪ ನೀವು. ಯಾರ ಕಣ್ಣಿಗೂ ಕಾಣ್ತಿಲ್ಲ ನಾನು. ನಿನ್ನ ಹೆಂಡ್ತಿಗೂ ಗೊತ್ತಾಗೈತೆ.”

ಮಹಾಂತೇಶ ಇಲ್ಲ ಅನ್ನಲಿಲ್ಲ, ನಿನಗೆ ಭ್ರಮೆ ಅನ್ನಲಿಲ್ಲ. ಅಲೆ ಬಂದು ಅವನ ಪ್ಯಾಂಟು ನೆನೆಸಿಹೋಯಿತು.

“ನೀನು ಸರಿಯಾಗೇ ಕೊಟ್ಟಿದ್ದೆ ಅವ್ವ,” ಅಂದ. “ಅಪ್ಪಾಜಿದೇ ಕೊಟ್ಟಿದ್ದೆ. ನೀನು ಹೊರಗೆ ಹೋದ ಮ್ಯಾಲೆ ಬದಲಾಯ್ಸಿದ್ದು ನಾನು.”

ಕಮಲಾಕ್ಷಮ್ಮ ಅಂಗೈಯ ಲಿಂಗವನ್ನೊಮ್ಮೆ, ಮಗನ ಮುಖವನ್ನೊಮ್ಮೆ ನೋಡಿದಳು.

“ಆಸ್ಪತ್ರೆಯಾಗೆ ಕಡೇ ದಿನ ಕೈ ಹಿಡ್ಕಂಡು ಹೇಳಿದ್ರು. ಒಬ್ಬನೇ ಹೋಗಾಕೆ ಹೆದರಿಕೆ ಆಗ್ತೈತೆ, ನಿಮ್ಮವ್ವನ ಲಿಂಗ ನನ್ನ ಕೈಯಾಗಿಡು, ಅವಳು ಜೊತೆಗಿದ್ರೆ ನಂಗೆ ಧೈರ್ಯ ಅಂತ. ನಿಂಗೆ ಹೇಳಬಾರ್ದು ಅಂತ ಆಣೆ ಹಾಕ್ಸಿಕಂಡ್ರು. ಸಾಯೋರ ಮಾತು, ಏನ್ ಮಾಡ್ಲಿ ನಾನು.”

ಕಮಲಾಕ್ಷಮ್ಮನಿಗೆ ಮೊದಲು ಬಂದದ್ದು ಸಿಟ್ಟು. ತಾನು ಮಾಡದ ತಪ್ಪಿಗೆ ಐದು ತಿಂಗಳು ಕುದ್ದಿದ್ದಳು. ಬದುಕಿದ್ದಾಗ ಯಾವುದನ್ನೂ ಕೇಳದವನು, ಹೋಗುವಾಗಲೂ ಕೇಳದೆ ಅವಳ ಪ್ರಾಣವನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿದ್ದ. ತೆಲುಗಿನಲ್ಲಿ ಒಂದು ಮಾತು ಬಾಯಿ ತುದಿಗೆ ಬಂತು, ಅಂದೂಬಿಟ್ಟಳು. ಮಗ ತಲೆ ತಗ್ಗಿಸಿದ. ಆಮೇಲೆ, ಸಿಟ್ಟು ಇನ್ನೂ ಆರುವ ಮೊದಲೇ, ಮೈಯೆಲ್ಲ ತಣ್ಣಗಾಯಿತು. ಬೆಳಗಾದರೆ ಎಡಗೈ ಮುಷ್ಟಿ ಕಟ್ಟಿರುವುದು ಯಾಕೆಂದು ಈಗ ತಿಳಿಯಿತು. ಅವಳು ಸತ್ತಿರಲಿಲ್ಲ. ಅಲ್ಲಿ, ಕತ್ತಲಲ್ಲಿ, ಹೆದರಿಕೊಂಡ ಒಬ್ಬ ಮುದುಕ ಅವಳ ಕೈಯನ್ನು ದಿನಕ್ಕಷ್ಟು ದಿನಕ್ಕಷ್ಟು ಕೆಳಗೆ ಎಳೆಯುತ್ತಿದ್ದ.

“ಬಿಟ್ಬಿಡವ್ವ ಅದನ್ನ ನೀರಿಗೆ,” ಅಂದ ಮಹಾಂತೇಶ. “ಅವರ್ದು ಅವರಿಗೆ ಹೋಗ್ಲಿ. ಅಯ್ಯನೋರ ಹತ್ರ ನಾನೇ ಎಲ್ಲಾ ಹೇಳ್ತೀನಿ. ನಿಂಗೆ ಹೊಸದು ಕಟ್ಟಿಸಾಣ. ಆಗ ಅವರ ಹಿಡ್ತ ಬಿಡ್ತೈತೆ.”

ಬಿಡಬಹುದಿತ್ತು. ಅಂಗೈ ಕೊಂಚ ಓರೆ ಮಾಡಿದರೆ ಸಾಕಿತ್ತು. ಅವಳು ಲಿಂಗವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಪೂಜೆಯಲ್ಲಿ ನೋಡುವ ಹಾಗೆ ಅಲುಗದೆ ನೋಡಿದಳು. ಶೇಂಗಾ ಮಂಡಿಯಲ್ಲಿ ನೂರು ಜನರ ಮುಂದೆ ಗುಡುಗುತ್ತಿದ್ದವನು ಮಗನ ಕೈ ಹಿಡಿದು, ಹೆದರಿಕೆ ಆಗ್ತೈತೆ ಅಂದಿದ್ದನಂತೆ. ಆ ಮಾತನ್ನು ತನಗೆ ಯಾಕೆ ಹೇಳಲಿಲ್ಲ? ಅವಳ ಕಣ್ಣು ತುಂಬಿತು. ಸಿಟ್ಟೂ ದುಃಖವೂ ಯಾವುದು ಎಷ್ಟು ಅಂತ ಅವಳಿಗೇ ಗೊತ್ತಾಗಲಿಲ್ಲ.

ಅವಳು ಲಿಂಗವನ್ನು ಕರಡಿಗೆಯಲ್ಲಿಟ್ಟು ಮುಚ್ಚಳ ತಿರುಗಿಸಿದಳು. ಅದನ್ನು ಕಟ್ಟಿದ್ದ ಕೊರಳ ಶಿವದಾರವನ್ನು ಸರಿಪಡಿಸಿ, ಕರಡಿಗೆಯನ್ನು ಎದೆಯ ಮೇಲೆ ಬಿಟ್ಟುಕೊಂಡಳು. ಮಗ ಏನೋ ಹೇಳಲು ಬಾಯಿ ತೆರೆದ. ಕೈ ಎತ್ತಿ ಅವನನ್ನು ತಡೆದಳು. ತಲೆ ಬಗ್ಗಿಸಿ, ಅಡುಗೆಮನೆಯಿಂದ ಪಡಸಾಲೆಗೆ ಕೇಳಿಸುವಷ್ಟೇ ದನಿಯಲ್ಲಿ, ಕರಡಿಗೆಗೆ ಹೇಳಿದಳು.

“ಕೇಳಿದ್ರೆ ನಾನೇ ಕೊಡ್ತಿದ್ದೆನಲ್ರಿ. ಒಂದ್ ಮಾತು ಕೇಳಬಾರ್ದಿತ್ತಾ? ಬರ್ತೀನಿ, ಎಲ್ಲಿಗೆ ಹೋಗ್ತೀನಿ ನಾನು, ನಿಮ್ಮ ಹತ್ರಕ್ಕೇ ಬರ್ತೀನಿ. ಕೈ ಸ್ವಲ್ಪ ಸಡ್ಲ ಬಿಡ್ರಿ. ಅವಸರ ಮಾಡಬ್ಯಾಡ್ರಿ, ಇನ್ನೂ ಮಲ್ಪೆ ಐತೆ, ಕಾಪು ಐತೆ.”

ಉತ್ತರ ಬರುತ್ತದೇನೋ ಅನ್ನುವ ಹಾಗೆ ಒಂದು ಗಳಿಗೆ ನಿಂತಳು. ಆಮೇಲೆ ಒದ್ದೆ ಸೀರೆ ಎತ್ತಿ ಹಿಡಿದು, ಮಗನ ತೋಳು ಹಿಡಿಯದೆ, ರಸ್ತೆಯ ಕಡೆ ಹತ್ತತೊಡಗಿದಳು.